ಕೀಮೋಗಿಂತ 10,000 ಪಟ್ಟು ಶಕ್ತಿಯ ಹಣ್ಣು? ಆ ಮೆಸೇಜಿನ ಹಿಂದಿರುವ ‘ಕೆಂಪು ಔಷಧಿ’ಯನ್ನು ತಿಳಿದುಕೊಳ್ಳಿ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಮೆಸೇಜ್ ಬಂದಿರುತ್ತದೆ. ಲಕ್ಷ್ಮಣಫಲ ಎಂಬ ಹಣ್ಣು ಕ್ಯಾನ್ಸರ್‌ಗೆ ರಾಮಬಾಣವಂತೆ, ಅದು ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿಯಂತೆ, ಔಷಧಿ ಕಂಪನಿಗಳು ಈ ಗುಟ್ಟನ್ನು ಮುಚ್ಚಿಟ್ಟಿವೆಯಂತೆ. ಜೊತೆಗೆ ಮುಳ್ಳುಮುಳ್ಳಾದ ಹಸಿರು ಹಣ್ಣಿನ ಫೋಟೋ. ಕೆಲವರು ಇದನ್ನು ಹನುಮಫಲ ಎನ್ನುತ್ತಾರೆ, ಇನ್ನು ಕೆಲವರು ಮುಳ್ಳು ರಾಮಫಲ ಎನ್ನುತ್ತಾರೆ. ಹೆಸರು ಬದಲಾದರೂ ಆ ‘10,000 ಪಟ್ಟು’ ಮಾತ್ರ ಬದಲಾಗುವುದಿಲ್ಲ.

ಆ ಸಂಖ್ಯೆ ಪೂರ್ತಿ ಕಟ್ಟುಕತೆಯಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಈ ಗಿಡದ ಬೀಜದಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಒಂದು ಬಗೆಯ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ, ‘ಆಡ್ರಿಯಾಮೈಸಿನ್’ ಎಂಬ ಔಷಧಿಗಿಂತ 10,000 ಪಟ್ಟು ಪ್ರಬಲವಾಗಿ ಕೆಲಸ ಮಾಡಿತು ಎಂದು ಬರೆದರು. ಅಷ್ಟೇ. ಹಣ್ಣಲ್ಲ, ಬೀಜ. ಬೀಜವೂ ಅಲ್ಲ, ಅದರೊಳಗಿನ ಒಂದು ಶುದ್ಧ ರಾಸಾಯನಿಕ. ಮನುಷ್ಯನಲ್ಲೂ ಅಲ್ಲ, ಗಾಜಿನ ತಟ್ಟೆಯಲ್ಲಿ. ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶಗಳನ್ನು ಬಟ್ಟೆಗೆ ಹಾಕುವ ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ. ಮೈಯೊಳಗೆ ಹೋಗಿ, ರಕ್ತದಲ್ಲಿ ಹರಿದು, ಗಡ್ಡೆಯನ್ನು ತಲುಪಿ, ರೋಗಿಯನ್ನು ಉಳಿಸಿ ರೋಗವನ್ನು ಮಾತ್ರ ಕೊಲ್ಲುವುದು ಬೇರೆಯೇ ಪರೀಕ್ಷೆ. ಲಕ್ಷ್ಮಣಫಲದ ಹಣ್ಣಾಗಲಿ ಎಲೆಯಾಗಲಿ ಮನುಷ್ಯರಲ್ಲಿ ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಈವರೆಗೆ ಸಾಬೀತಾಗಿಲ್ಲ.

ಹಾಗಾದರೆ ಹೋಲಿಕೆಗೆ ಎಳೆದು ತಂದ ಆ ಆಡ್ರಿಯಾಮೈಸಿನ್ ಏನು? ಕನ್ನಡದ ಫಾರ್ವರ್ಡ್‌ಗಳಲ್ಲಿ ಅದರ ಹೆಸರು ಬಿದ್ದುಹೋಗಿ ಬರೀ ‘ಕೀಮೋ’ ಎಂದಾಗಿದೆ. ಅದು ಡಾಕ್ಸೊರುಬಿಸಿನ್ ಎಂಬ ಔಷಧಿಯ ಬ್ರ್ಯಾಂಡ್ ಹೆಸರು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದರೂ ಸ್ತನ ಕ್ಯಾನ್ಸರ್ ಅಥವಾ ಲಿಂಫೋಮಾಗೆ ಚಿಕಿತ್ಸೆ ಆಗಿದ್ದರೆ ಅವರು ಈ ಔಷಧಿ ಪಡೆದಿರುವ ಸಾಧ್ಯತೆ ಸಾಕಷ್ಟಿದೆ. ಹೆಸರು ನೆನಪಿರದಿದ್ದರೂ ಬಣ್ಣ ನೆನಪಿರುತ್ತದೆ. ಡ್ರಿಪ್‌ನ ಪೈಪಿನಲ್ಲಿ ರೂಹ್ ಅಫ್ಜಾ ಶರಬತ್ತಿನ ಹಾಗೆ ಕೆಂಪಗೆ ಇಳಿಯುವ ಔಷಧಿ ಅದು. ಇಂಗ್ಲಿಷ್ ಮಾತಾಡುವ ರೋಗಿಗಳು ಇದಕ್ಕೆ ‘ರೆಡ್ ಡೆವಿಲ್’, ಅಂದರೆ ಕೆಂಪು ದೆವ್ವ, ಎಂದೇ ಹೆಸರಿಟ್ಟಿದ್ದಾರೆ.

ಕೋಟೆಯ ಮಣ್ಣಿನಿಂದ ಬಂದ ಔಷಧಿ

‘ಕೀಮೋ ಎಂದರೆ ಕೆಮಿಕಲ್, ಹಣ್ಣು ಎಂದರೆ ನೈಸರ್ಗಿಕ’ ಎಂಬ ವಾದ ಈ ಔಷಧಿಯ ಮುಂದೆ ನಿಲ್ಲುವುದಿಲ್ಲ. ಇಟಲಿಯ ದಕ್ಷಿಣದಲ್ಲಿ ಕಾಸ್ಟೆಲ್ ಡೆಲ್ ಮೊಂಟೆ ಎಂಬ 13ನೇ ಶತಮಾನದ ಕೋಟೆ ಇದೆ. 1950ರ ದಶಕದಲ್ಲಿ ಮಿಲಾನಿನ ಫಾರ್ಮಿಟಾಲಿಯಾ ಕಂಪನಿಯ ಸಂಶೋಧಕರು ಅದರ ಹತ್ತಿರದ ಮಣ್ಣನ್ನು ಪರೀಕ್ಷಿಸಿದಾಗ ಕೆಂಪು ಬಣ್ಣದ ವಸ್ತು ತಯಾರಿಸುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಮೊದಲು ಅದರಿಂದ ಡಾನೊರುಬಿಸಿನ್ ಬಂತು. ಆಮೇಲೆ ಅದೇ ಬ್ಯಾಕ್ಟೀರಿಯಾದ ಬದಲಾದ ತಳಿಯಿಂದ ಡಾಕ್ಸೊರುಬಿಸಿನ್ ಬಂತು. ಹತ್ತಿರದ ಆಡ್ರಿಯಾಟಿಕ್ ಸಮುದ್ರದ ಹೆಸರಿನಿಂದ ಅದಕ್ಕೆ ಆಡ್ರಿಯಾಮೈಸಿನ್ ಎಂದು ಹೆಸರಿಟ್ಟರು. 1974ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಇನ್ನೊಂದು ಪ್ರಸಿದ್ಧ ಕೀಮೋ ಔಷಧಿ ವಿನ್‌ಕ್ರಿಸ್ಟಿನ್ ಬಂದಿರುವುದು ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ನಿಸರ್ಗದಿಂದ ಬಂದದ್ದೆಲ್ಲ ಸೌಮ್ಯವಾಗಿರಬೇಕೆಂದು ನಿಯಮವೇನೂ ಇಲ್ಲ.

ಇದು ಕೆಲಸ ಮಾಡುವ ಬಗೆ ಸ್ಥೂಲವಾಗಿ ಹೀಗೆ. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಡಾಕ್ಸೊರುಬಿಸಿನ್ ಆ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ತೂರಿಕೊಂಡು, ಅದರ ಸಿಕ್ಕು ಬಿಡಿಸುವ ಕಿಣ್ವವನ್ನು ತಡೆಯುತ್ತದೆ. ಎಳೆಗಳು ತುಂಡಾಗಿ ಕೋಶ ಸಾಯುತ್ತದೆ. ಬೇಗಬೇಗ ಹೆಚ್ಚುವ ಕೋಶಗಳಿಗೆ ಪೆಟ್ಟು ಜಾಸ್ತಿ. ಕ್ಯಾನ್ಸರ್ ಕೋಶ ಅಂಥದ್ದೇ. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ರಕ್ತ ತಯಾರಿಸುವ ಮೂಳೆಮಜ್ಜೆ ಕೂಡ ಅಂಥವೇ. ಕೂದಲು ಉದುರುವುದು, ಬಾಯಿ ಹುಣ್ಣು, ರಕ್ತಕಣ ಕಡಿಮೆಯಾಗುವುದು, ಎಲ್ಲದಕ್ಕೂ ಮೂಲ ಇಲ್ಲಿದೆ. ಕೂದಲು ಸಾಮಾನ್ಯವಾಗಿ ಎರಡು-ಮೂರು ವಾರಕ್ಕೆ ಉದುರಲು ಶುರುವಾಗಿ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ.

ಇಷ್ಟು ತೊಂದರೆ ಇದ್ದರೂ ವೈದ್ಯರು ಇದನ್ನು ಯಾಕೆ ಬಿಟ್ಟಿಲ್ಲ? ಹದಿಹರೆಯದವರಲ್ಲಿ ಬರುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರನ್ನೇ ನೋಡಿ. ಕೀಮೋ ಬರುವ ಮೊದಲು ಕಾಲನ್ನೇ ಕತ್ತರಿಸಿ ತೆಗೆದರೂ 100ರಲ್ಲಿ ಸುಮಾರು 80 ಮಕ್ಕಳು ಉಳಿಯುತ್ತಿರಲಿಲ್ಲ. ಡಾಕ್ಸೊರುಬಿಸಿನ್ ಮತ್ತು ಜೊತೆಯ ಔಷಧಿಗಳು ಬಂದ ಮೇಲೆ, ರೋಗ ಬೇರೆಡೆಗೆ ಹರಡಿರದಿದ್ದರೆ, 100ರಲ್ಲಿ 60ರಿಂದ 70 ಮಂದಿ ಐದು ವರ್ಷ ದಾಟುತ್ತಿದ್ದಾರೆ. ಹಾಡ್ಜ್‌ಕಿನ್ ಲಿಂಫೋಮಾದಲ್ಲಂತೂ ಬಹುಪಾಲು ರೋಗಿಗಳು ಪೂರ್ತಿ ಗುಣವಾಗುತ್ತಾರೆ. ಫಾರ್ವರ್ಡ್ ನಂಬಿ ಚಿಕಿತ್ಸೆ ಬಿಟ್ಟವರು ಕಳೆದುಕೊಳ್ಳುವುದು ಈ ಅವಕಾಶವನ್ನು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಪಡಿಸಬಹುದಾದ ಕ್ಯಾನ್ಸರ್ ಇದ್ದೂ ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನವರಲ್ಲಿ ಐದು ಪಟ್ಟಿಗೂ ಹೆಚ್ಚು.

ಮೂತ್ರ ಕೆಂಪಾದರೆ ರಕ್ತವೇ?

ಮೊದಲ ಕೀಮೋ ಮುಗಿಸಿ ಮನೆಗೆ ಬಂದ ಸಂಜೆ ಬಾತ್‌ರೂಮಿನಿಂದ ಕೂಗು ಕೇಳಿಸುವುದು ಇದೇ ಕಾರಣಕ್ಕೆ. ‘ಒಳಗೆಲ್ಲ ಸುಟ್ಟು ರಕ್ತ ಬರುತ್ತಿದೆ’ ಎಂದು ಹೆದರಿ ಎರಡನೇ ಸುತ್ತಿಗೆ ಹೋಗಲು ಹಿಂಜರಿಯುವವರೂ ಇದ್ದಾರೆ. ಅದು ರಕ್ತವಲ್ಲ, ಔಷಧಿಯ ಬಣ್ಣ. ಒಂದೆರಡು ದಿನ ಮೂತ್ರ ಕಿತ್ತಳೆ ಅಥವಾ ಕೆಂಪಾಗಿರುತ್ತದೆ. ಕಣ್ಣೀರು, ಬೆವರಿಗೂ ಬಣ್ಣ ಬರಬಹುದು. ಇದಕ್ಕೆ ಹೆದರಬೇಕಿಲ್ಲ.

ಆದರೆ ಒಂದು ಎಚ್ಚರಿಕೆ. ಸ್ತನ ಕ್ಯಾನ್ಸರ್‌ನಲ್ಲಿ ಇದರ ಜೊತೆಗೆ ಸೈಕ್ಲೊಫಾಸ್ಫಮೈಡ್ ಎಂಬ ಇನ್ನೊಂದು ಔಷಧಿಯನ್ನು ಕೊಡುವುದು ರೂಢಿ. ಅದು ಮೂತ್ರಕೋಶವನ್ನು ಕೆರಳಿಸಿ ನಿಜವಾಗಿಯೂ ರಕ್ತ ಬರುವಂತೆ ಮಾಡಬಲ್ಲದು. ನರ್ಸ್ ‘ಚೆನ್ನಾಗಿ ನೀರು ಕುಡಿಯಿರಿ, ಮೂತ್ರ ತಡೆಹಿಡಿಯಬೇಡಿ’ ಎಂದು ಮತ್ತೆ ಮತ್ತೆ ಹೇಳುವುದು ಅದಕ್ಕೇ. ಎರಡು ದಿನ ಕಳೆದರೂ ಬಣ್ಣ ಹೋಗದಿದ್ದರೆ, ಉರಿ ಇದ್ದರೆ, ಹೆಪ್ಪು ಕಾಣಿಸಿದರೆ ಆಸ್ಪತ್ರೆಗೆ ಫೋನ್ ಮಾಡಿ.

ಸೂಜಿ ಹಾಕಿದ ಕೈ ಉರಿದರೆ ಸುಮ್ಮನಿರಬೇಡಿ

ನಮ್ಮವರ ಒಂದು ಗುಣವೆಂದರೆ ಆಸ್ಪತ್ರೆಯಲ್ಲಿ ಸಹಿಸಿಕೊಳ್ಳುವುದು. ‘ಸಿಸ್ಟರ್‌ಗೆ ಯಾಕೆ ತೊಂದರೆ, ಸ್ವಲ್ಪ ಉರಿ ತಾನೇ’ ಎಂದು ಹಲ್ಲು ಕಚ್ಚಿ ಕೂರುತ್ತಾರೆ. ಬೇರೆ ಗ್ಲೂಕೋಸ್ ಬಾಟಲಿಗೆ ಅದು ನಡೆಯಬಹುದು, ಡಾಕ್ಸೊರುಬಿಸಿನ್‌ಗೆ ನಡೆಯುವುದಿಲ್ಲ. ಈ ಔಷಧಿ ರಕ್ತನಾಳದ ಒಳಗೇ ಹೋಗಬೇಕು. ಸೂಜಿ ಸ್ವಲ್ಪ ಜಾರಿ ಔಷಧಿ ಹೊರಗಿನ ಮಾಂಸಕ್ಕೆ ಸೋರಿದರೆ, ಅದು ಅಲ್ಲಿನ ಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶದಿಂದ ಹೊರಬಂದ ಔಷಧಿ ಪಕ್ಕದ ಕೋಶಕ್ಕೆ ಹೋಗುತ್ತದೆ. ಹಾಗಾಗಿ ಮೊದಲ ದಿನ ಸಣ್ಣ ಕೆಂಪು ಕಲೆಯಂತೆ ಕಂಡದ್ದು ದಿನಗಳು, ವಾರಗಳು ಕಳೆದಂತೆ ಆಳವಾದ ಹುಣ್ಣಾಗಿ, ಚರ್ಮ ಕಸಿ ಮಾಡುವವರೆಗೂ ಹೋಗಬಹುದು.

ಡ್ರಿಪ್ ನಡೆಯುವಾಗ ಉರಿ, ಚುಚ್ಚಿದಂಥ ನೋವು, ಊತ ಕಂಡರೆ, ಅಥವಾ ಹನಿ ಬೀಳುವುದು ನಿಧಾನವಾದರೆ ಆ ಕ್ಷಣವೇ ಕೂಗಿ ಹೇಳಿ. ಸೂಜಿಯನ್ನು ನೀವೇ ಕಿತ್ತುಹಾಕಬೇಡಿ. ಅದೇ ಸೂಜಿಯ ಮೂಲಕ ಸೋರಿದ ಔಷಧಿಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಎಳೆದು ತೆಗೆಯುತ್ತಾರೆ. ಆ ಜಾಗವನ್ನು ಉಜ್ಜಬೇಡಿ, ಬಿಸಿ ಶಾಖ ಕೊಡಬೇಡಿ. ಡಾಕ್ಸೊರುಬಿಸಿನ್ ಸೋರಿದರೆ ಇಡಬೇಕಾದದ್ದು ತಣ್ಣನೆಯ ಪ್ಯಾಕ್. ವಿನ್‌ಕ್ರಿಸ್ಟಿನ್ ಸೋರಿದರೆ ಬಿಸಿ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡು, ಆದ್ದರಿಂದ ಮನೆಯಲ್ಲಿ ಊಹಿಸಿ ಮಾಡುವ ಕೆಲಸ ಇದಲ್ಲ. ಡೆಕ್ಸ್‌ರಾಜೊಕ್ಸೇನ್ ಎಂಬ ಪ್ರತಿಮದ್ದು ಇದೆ, ಅದನ್ನು 6 ಗಂಟೆಯೊಳಗೆ ಶುರು ಮಾಡಬೇಕು. ಮನೆಗೆ ಬಂದ ಮೇಲೆ ಕೈ ಊದಿಕೊಂಡರೂ ‘ನಾಳೆ ನೋಡೋಣ’ ಎನ್ನಲು ಸಮಯವಿಲ್ಲ.

ಕೆಲವರಿಗೆ ರಕ್ತನಾಳದ ಉದ್ದಕ್ಕೂ ಕೆಂಪು ಗೆರೆ ಮೂಡಿ ತುರಿಸುತ್ತದೆ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ. ಅದು ಸೋರಿಕೆಯಲ್ಲ, ನಾಳ ಕೆರಳಿದ್ದು ಅಷ್ಟೆ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವುದು ನರ್ಸಿನ ಕೆಲಸ, ಹೇಳುವುದು ನಿಮ್ಮ ಕೆಲಸ. ಪದೇಪದೇ ‘ನರ ಸಿಗುತ್ತಿಲ್ಲ’ ಎಂದು ನಾಲ್ಕು ಕಡೆ ಚುಚ್ಚುವ ಪರಿಸ್ಥಿತಿ ಇದ್ದರೆ, ಎದೆಯ ಚರ್ಮದಡಿ ಇಡುವ ಕೀಮೋ ಪೋರ್ಟ್ ಬಗ್ಗೆ ವೈದ್ಯರನ್ನು ಕೇಳಿ.

ಹತ್ತನೇ ದಿನದ ಜ್ವರ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಕೀಮೋ ಆದ ಮೂರ್ನಾಲ್ಕು ದಿನ ವಾಂತಿ, ಸುಸ್ತು. ಆಮೇಲೆ ಸ್ವಲ್ಪ ಹುಷಾರಾದಂತೆ ಅನ್ನಿಸುತ್ತದೆ. ನೆಂಟರು ನೋಡಲು ಬರುತ್ತಾರೆ, ದೇವಸ್ಥಾನಕ್ಕೋ ಮದುವೆಗೋ ಹೋಗಿ ಬರೋಣ ಅನ್ನಿಸುತ್ತದೆ. ಒಳಗೆ ಮಾತ್ರ ಲೆಕ್ಕ ಬೇರೆಯೇ ನಡೆದಿರುತ್ತದೆ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಡಾಕ್ಸೊರುಬಿಸಿನ್ ಕೊಟ್ಟ 10ರಿಂದ 14ನೇ ದಿನದ ಹೊತ್ತಿಗೆ ಅತ್ಯಂತ ಕೆಳಕ್ಕೆ ಇಳಿದು, ಸುಮಾರು 21ನೇ ದಿನಕ್ಕೆ ಮತ್ತೆ ಏರುತ್ತವೆ. ಎಷ್ಟೋ ಚಿಕಿತ್ಸೆಗಳಲ್ಲಿ ಎರಡು ಸುತ್ತಿನ ನಡುವೆ ಮೂರು ವಾರ ಬಿಡುವುದಕ್ಕೆ ಇದೊಂದು ಮುಖ್ಯ ಕಾರಣ.

ಆ ಖಾಲಿ ದಿನಗಳಲ್ಲಿ ಬಂದ ಸೋಂಕಿಗೆ ಕೀವು, ಕಫ, ಊತ ಯಾವುದೂ ಕಾಣದೇ ಇರಬಹುದು, ಯಾಕೆಂದರೆ ಅವನ್ನು ಉಂಟುಮಾಡುವ ಕಣಗಳೇ ಇಲ್ಲ. ಬರೀ ಜ್ವರ ಕಾಣುತ್ತದೆ. ಥರ್ಮಾಮೀಟರ್‌ನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ರಾತ್ರಿ ಎರಡು ಗಂಟೆಯಾದರೂ ಆಗಲೇ ಹೊರಡಬೇಕು. ಡೋಲೋ ನುಂಗಿ ಹೊದ್ದು ಮಲಗಿದರೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಬೆಳಗಾಗುವುದರೊಳಗೆ ಅದು ರಕ್ತಕ್ಕೆ ಸೇರಿ ಬಿಪಿ ಕುಸಿಯಬಹುದು. ಇಂಥ ರೋಗಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಸಿಗಬೇಕು. ಹತ್ತಿರದ ಕ್ಲಿನಿಕ್‌ಗೋ ತಾಲ್ಲೂಕು ಆಸ್ಪತ್ರೆಗೋ ಹೋದರೆ ಬಾಗಿಲಲ್ಲೇ ಹೇಳಿ: ‘ಕೀಮೋ ನಡೀತಿದೆ, ಇಂಥ ತಾರೀಖಿಗೆ ಕೊಟ್ಟಿದ್ದಾರೆ, ಜ್ವರ ಇಷ್ಟಿದೆ.’ ಇಲ್ಲದಿದ್ದರೆ ವೈರಲ್ ಜ್ವರದ ಸಾಲಿನಲ್ಲಿ ಕೂರಿಸಿಬಿಡಬಹುದು. ಜ್ವರವಿಲ್ಲದೆ ಬರೀ ನಡುಕ ಬಂದರೂ ಹೋಗಿ. ಹಣೆ ಮುಟ್ಟಿ ನೋಡಿದರೆ ಸಾಲದು, ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ.

ಈ ದಿನಗಳಲ್ಲಿ ಮನೆಮಂದಿ ಪ್ರೀತಿಯಿಂದ ಪಪ್ಪಾಯಿ ಎಲೆಯ ಹಸಿ ರಸ, ಗೋಧಿ ಹುಲ್ಲಿನ ರಸ ಹಿಂಡಿ ಕೊಡುತ್ತಾರೆ. ಪಪ್ಪಾಯಿ ಎಲೆಯ ಮಾತು ಹುಟ್ಟಿದ್ದು ಡೆಂಗಿಯಲ್ಲಿ ಇಳಿಯುವ ಪ್ಲೇಟ್‌ಲೆಟ್ ಬಗ್ಗೆ. ಇಲ್ಲಿ ಅಪಾಯ ತರುವುದು ಬಿಳಿ ಕಣಗಳ ಕೊರತೆ. ಬೇಯಿಸದ, ಸರಿಯಾಗಿ ತೊಳೆಯದ ಎಲೆಯ ರಸದಲ್ಲಿ ಇರುವ ಮಣ್ಣಿನ ರೋಗಾಣುಗಳು ಆರೋಗ್ಯವಂತರಿಗೆ ಏನೂ ಮಾಡದಿರಬಹುದು. ನ್ಯೂಟ್ರೋಫಿಲ್ ಇಲ್ಲದವರ ವಿಷಯ ಹಾಗಲ್ಲ. ಬಿಸಿಬಿಸಿ ಅನ್ನ, ಸಾರು, ಬೇಳೆ, ಮೊಟ್ಟೆ, ಸಿಪ್ಪೆ ಸುಲಿದ ಬಾಳೆಹಣ್ಣು ಸಾಕು. ಕಣಗಳು ತುಂಬಾ ಇಳಿಯುವವರಿಗೆ ವೈದ್ಯರೇ ಫಿಲ್‌ಗ್ರಾಸ್ಟಿಮ್‌ನಂಥ ಇಂಜೆಕ್ಷನ್ ಕೊಡುತ್ತಾರೆ.

ಹೃದಯದ ಖಾತೆಪುಸ್ತಕ

ಮೊದಲ ಕೀಮೋಗೆ ಮುಂಚೆ ‘ಎಕೋ ಮಾಡಿಸಿಕೊಂಡು ಬನ್ನಿ’ ಎಂದಾಗ ಎಷ್ಟೋ ಮಂದಿ ಗೊಣಗುತ್ತಾರೆ. ಕ್ಯಾನ್ಸರ್ ಇರುವುದು ಎದೆಯ ಗಡ್ಡೆಯಲ್ಲಿ, ಹಾರ್ಟ್‌ಗೆ ಯಾಕೆ ಪರೀಕ್ಷೆ, ಬಿಲ್ ಏರಿಸಲಿಕ್ಕಾ? ಖಂಡಿತ ಅಲ್ಲ. ಡಾಕ್ಸೊರುಬಿಸಿನ್‌ನ ಅತ್ಯಂತ ಗಂಭೀರವಾದ ದೀರ್ಘಕಾಲದ ತೊಂದರೆ ಹೃದಯದ ಸ್ನಾಯುವಿಗೆ ಆಗುವ ಹಾನಿ. ಹೃದಯದ ಕೋಶಗಳು ಕೂದಲಿನ ಬುಡದಂತೆ ಮತ್ತೆ ಚಿಗುರುವುದಿಲ್ಲ. ಸತ್ತ ಕೋಶದ ಜಾಗ ಹೆಚ್ಚುಕಡಿಮೆ ಹಾಗೇ ಖಾಲಿ.

ಈ ಹಾನಿ ಕೂಡುತ್ತಾ ಹೋಗುವ ಲೆಕ್ಕ. ಇವತ್ತಿನ ಡೋಸ್ ಎಷ್ಟು ಎನ್ನುವುದಕ್ಕಿಂತ ಜೀವಮಾನದಲ್ಲಿ ಒಟ್ಟು ಎಷ್ಟು ಹೋಗಿದೆ ಎನ್ನುವುದು ಮುಖ್ಯ. ಔಷಧಿಯನ್ನು ದೇಹದ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಂತೆ ಅಳೆಯುತ್ತಾರೆ. 160 ಸೆಂಟಿಮೀಟರ್ ಎತ್ತರ, 58 ಕಿಲೋ ತೂಕದವರ ಮೇಲ್ಮೈ ಸುಮಾರು 1.6 ಚದರ ಮೀಟರ್. ಸ್ತನ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ 60 ಮಿಲಿಗ್ರಾಂ, ಅಂದರೆ ಅವರಿಗೆ ಒಂದು ಸಲಕ್ಕೆ 96 ಮಿಲಿಗ್ರಾಂ. ನಾಲ್ಕು ಸುತ್ತಿಗೆ ಒಟ್ಟು ಚದರ ಮೀಟರಿಗೆ 240. ಈ ಮಟ್ಟದಲ್ಲಿ ಹೃದಯ ವೈಫಲ್ಯದ ಅಪಾಯ ಕಡಿಮೆ. ಒಟ್ಟು 400 ಆದಾಗ ಅದು 100ರಲ್ಲಿ 3ರಿಂದ 5 ಜನಕ್ಕೆ, 500 ಆದಾಗ 6ರಿಂದ 20 ಜನಕ್ಕೆ ಏರುತ್ತದೆ. ಅದಕ್ಕೇ 450-550ರ ಆಸುಪಾಸಿನಲ್ಲಿ ವೈದ್ಯರು ಗೆರೆ ಎಳೆಯುತ್ತಾರೆ. ವಯಸ್ಸಾದವರು, ಮೊದಲೇ ಹೃದ್ರೋಗ ಅಥವಾ ಬಿಪಿ ಇರುವವರು, ಎದೆಗೆ ರೇಡಿಯೇಷನ್ ಪಡೆದವರು, ಟ್ರಾಸ್ಟುಜುಮ್ಯಾಬ್ ಔಷಧಿಯೂ ಬೇಕಾದವರಿಗೆ ಗೆರೆ ಇನ್ನೂ ಹಿಂದೆಯೇ ಬೀಳುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ದೊಡ್ಡ ತೊಡಕೆಂದರೆ ಕಡತ. ಒಂದು ಊರಿನಲ್ಲಿ ಚಿಕಿತ್ಸೆ ಆಗಿರುತ್ತದೆ, ಎಂಟು ವರ್ಷದ ಮೇಲೆ ರೋಗ ಮರಳಿದಾಗ ಇನ್ನೊಂದು ಊರಿನ ಆಸ್ಪತ್ರೆ. ‘ಕೆಂಪು ಔಷಧಿ ಕೊಟ್ಟಿದ್ದರು’ ಎಂಬುದಷ್ಟೇ ನೆನಪು. ಹೊಸ ವೈದ್ಯರಿಗೆ ಒಟ್ಟು ಎಷ್ಟು ಹೋಗಿದೆ ಎಂದು ಗೊತ್ತಾಗದಿದ್ದರೆ, ಒಂದೋ ಬೇಕಾದ ಔಷಧಿ ಕೊಡಲು ಆಗದು, ಇಲ್ಲವೇ ಮಿತಿ ಮೀರಿದ ಔಷಧಿ ಹೋಗುತ್ತದೆ. ಪ್ರತಿ ಸುತ್ತಿನ ಚಾರ್ಟ್, ಡಿಸ್ಚಾರ್ಜ್ ಸಮ್ಮರಿ, ಎಕೋ ರಿಪೋರ್ಟ್ ಎಲ್ಲದರ ಫೋಟೋ ತೆಗೆದು ಫೋನಿನಲ್ಲೂ ಮಗನ ಅಥವಾ ಮಗಳ ಫೋನಿನಲ್ಲೂ ಇಡಿ. ಕೊನೆಯ ಸುತ್ತಿನ ದಿನ ವೈದ್ಯರಿಂದ ಒಟ್ಟು ಡೋಸ್ ಬರೆಸಿಕೊಳ್ಳಿ. ಚಿಕ್ಕಂದಿನಲ್ಲಿ ಈ ಔಷಧಿ ಪಡೆದವರಿಗೆ ತೊಂದರೆ ಎಷ್ಟೋ ವರ್ಷ ಬಿಟ್ಟು ಬರಬಹುದು. ಅವರಿಗೆ ಹೃದಯ ತಪಾಸಣೆ ಜೀವನಪೂರ್ತಿ ಬೇಕು. ಮೆಟ್ಟಿಲು ಹತ್ತಿದರೆ ಹೊಸದಾಗಿ ಏದುಸಿರು, ಸಂಜೆ ಪಾದ ಊದುವುದು, ಎರಡು ದಿಂಬಿಲ್ಲದೆ ಮಲಗಲಾಗದಿರುವುದು, ಇವನ್ನು ‘ಕೀಮೋ ಸುಸ್ತು’ ಎಂದು ತಳ್ಳಿಹಾಕಬೇಡಿ.

ಮುಟ್ಟಿದರೆ ಅಂಟುತ್ತದೆಯೇ, ಮತ್ತು ಇನ್ನಷ್ಟು

ಕೀಮೋ ಆದವರ ತಟ್ಟೆ ಬೇರೆ, ಹಾಸಿಗೆ ಬೇರೆ, ಮೊಮ್ಮಗು ಹತ್ತಿರ ಬರಬಾರದು ಎಂದು ದೂರ ಕೂರಿಸುವ ಮನೆಗಳಿವೆ. ಕ್ಯಾನ್ಸರ್ ಅಂಟುರೋಗವಲ್ಲ. ಅಪ್ಪಿಕೊಳ್ಳುವುದರಿಂದ, ಒಟ್ಟಿಗೆ ಊಟ ಮಾಡುವುದರಿಂದ ಏನೂ ಆಗುವುದಿಲ್ಲ. ಎಚ್ಚರ ಬೇಕಾಗಿರುವುದು ಮೂತ್ರ, ಮಲ, ವಾಂತಿಯ ವಿಷಯದಲ್ಲಿ. ಕೀಮೋ ಆದ ಮೇಲೆ ಕನಿಷ್ಠ 48 ಗಂಟೆ ಅವುಗಳಲ್ಲಿ ಔಷಧಿಯ ಅಂಶ ಇರುತ್ತದೆ. ಶುಚಿ ಮಾಡುವವರು ಕೈಗವಸು ಹಾಕಿಕೊಳ್ಳಲಿ, ಟಾಯ್ಲೆಟ್‌ಗೆ ಎರಡು ಸಲ ನೀರು ಹಾಕಲಿ, ಕೊಳೆಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ. ಗರ್ಭಿಣಿಯರು ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಚಿಕಿತ್ಸೆಯ ಅವಧಿಯಲ್ಲಿ ಮತ್ತು ನಂತರದ ಕೆಲವು ತಿಂಗಳು, ಗಂಡಸಾಗಲಿ ಹೆಂಗಸಾಗಲಿ, ಗರ್ಭನಿರೋಧಕ ಬಳಸಲೇಬೇಕು. ಎಷ್ಟು ತಿಂಗಳು ಎಂದು ವೈದ್ಯರನ್ನು ಕೇಳಿ. ಮುಂದೆ ಮಕ್ಕಳು ಬೇಕೆನ್ನುವವರು ಆ ಮಾತನ್ನು ಮೊದಲ ಸುತ್ತಿಗೆ ಮುಂಚೆಯೇ ಎತ್ತಬೇಕು, ನಾಚಿಕೊಂಡು ಕೂತರೆ ತಡವಾಗುತ್ತದೆ.

ಈ ಔಷಧಿ ಬಹುಪಾಲು ಹೊರಹೋಗುವುದು ಲಿವರ್‌ನ ಮೂಲಕ. ಲಿವರ್ ಸೊರಗಿದರೆ ಅದು ರಕ್ತದಲ್ಲೇ ಹೆಚ್ಚು ಹೊತ್ತು ಉಳಿದು ವಿಷದ ಪ್ರಮಾಣಕ್ಕೆ ಏರುತ್ತದೆ. ಬಿಲಿರುಬಿನ್ ಹೆಚ್ಚಿದ್ದರೆ ವೈದ್ಯರು ಡೋಸ್ ಅರ್ಧಕ್ಕೋ ಕಾಲಿಗೋ ಇಳಿಸುವುದು ಅದಕ್ಕಾಗಿ. ಹೀಗಿರುವಾಗ ಏನಿದೆಯೆಂದು ತಿಳಿಯದ ಪುಡಿ, ಕಷಾಯ, ಭಸ್ಮಗಳನ್ನು ವೈದ್ಯರಿಗೆ ಹೇಳದೆ ಜೊತೆಗೆ ಕೊಡುವುದು ಅಪಾಯ. ಬೈಯುತ್ತಾರೆಂದು ಮುಚ್ಚಿಡಬೇಡಿ, ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಲಕ್ಷ್ಮಣಫಲಕ್ಕೂ ಒಂದು ಕತೆಯಿದೆ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನು ತಿನ್ನುವುದು, ಎಲೆಯ ಕಷಾಯ ಕುಡಿಯುವುದು ಹಿಂದಿನಿಂದಲೂ ಇದೆ. ಅಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ, ಆದರೆ ಮಾಮೂಲಿ ಔಷಧಿಗೆ ಬಗ್ಗದ ಮಿದುಳಿನ ಕಾಯಿಲೆ ಅಸಾಮಾನ್ಯವಾಗಿ ಹೆಚ್ಚಿರುವುದನ್ನು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವೈದ್ಯರು ವರದಿ ಮಾಡಿದರು. ಅನುಮಾನ ಬಿದ್ದದ್ದು ಈ ಗಿಡದ ಅನೊನಾಸಿನ್ ಎಂಬ ನರಕೋಶ ಕೊಲ್ಲುವ ವಸ್ತುವಿನ ಮೇಲೆ. ಅಂದರೆ ‘10,000 ಪಟ್ಟು’ ಪ್ರಬಲ ಎಂದು ಮೆಸೇಜ್ ಹೊಗಳುವ ರಾಸಾಯನಿಕದ ಕುಟುಂಬಕ್ಕೆ ಸೇರಿದ್ದೇ. ಅಪರೂಪಕ್ಕೊಮ್ಮೆ ಹಣ್ಣು ತಿಂದವರು ಗಾಬರಿಯಾಗಬೇಕಿಲ್ಲ. ದಿನಾ ಲೋಟಗಟ್ಟಲೆ ಕಷಾಯ ಕುಡಿಸುವುದು ಬೇರೆ ಮಾತು.

ಕೊನೆಯದಾಗಿ ಔಷಧಿ ಅಂಗಡಿಯಲ್ಲಿ ನಿಂತಾಗ ಬೇಕಾಗುವ ಒಂದು ವಿಷಯ. ‘ಲೈಪೊಸೋಮಲ್ ಡಾಕ್ಸೊರುಬಿಸಿನ್’ ಎಂಬ ಇನ್ನೊಂದು ರೂಪವಿದೆ. ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳೊಳಗೆ ತುಂಬಿರುತ್ತಾರೆ. ಹೃದಯಕ್ಕೆ ಪೆಟ್ಟು ಕಡಿಮೆ, ಆದರೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಹೆಚ್ಚು. 2012ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅಭಾವ ಬಂದಾಗ ಭಾರತದ ಸನ್ ಫಾರ್ಮಾ ತಯಾರಿಸುವ ಲಿಪೊಡಾಕ್ಸ್ ಅನ್ನು ತರಿಸಿಕೊಳ್ಳಲು ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತ್ತು. ಹೆಸರು ಒಂದೇ ಥರ ಕಂಡರೂ ಎರಡರ ಡೋಸ್ ಬೇರೆ, ಒಂದರ ಬದಲು ಇನ್ನೊಂದನ್ನು ಕೊಡುವಂತಿಲ್ಲ. ಆಸ್ಪತ್ರೆಯವರು ಹೊರಗಿನಿಂದ ಔಷಧಿ ತರಲು ಚೀಟಿ ಬರೆದುಕೊಟ್ಟರೆ, ಚೀಟಿಯಲ್ಲಿ ‘ಲೈಪೊಸೋಮಲ್’ ಎಂಬ ಪದ ಇದೆಯೋ ಇಲ್ಲವೋ ನೋಡಿ, ಬಾಟಲಿಯ ಮೇಲೂ ಅದೇ ಇದೆಯೇ ಎಂದು ಹೋಲಿಸಿ. ಡ್ರಿಪ್ ಹಾಕುವ ಮುಂಚೆ ನರ್ಸ್ ಇನ್ನೊಮ್ಮೆ ಹೋಲಿಸುತ್ತಾರೆ. ಆಗಲೂ ರೋಗಿಯ ಹೆಸರು, ಔಷಧಿಯ ಹೆಸರು, ಎಷ್ಟನೇ ಸುತ್ತು ಎಂಬುದನ್ನು ಜೊತೆಗಿರುವವರು ಗಟ್ಟಿಯಾಗಿ ಓದಿ ಹೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.